ರುಚಿ ನೋಡದವಳ ಸೂಪು

ನಮ್ಮ ಮನೆಯಲ್ಲಿ ಅಡುಗೆ ಮಾಡುವವರು ಅಡುಗೆಯ ರುಚಿ ನೋಡುತ್ತಿರಲಿಲ್ಲ. ದೇವರಿಗೆ ನೈವೇದ್ಯವಾಗುವ ಮೊದಲು ನಾಲಿಗೆಗೆ ಮುಟ್ಟಿಸಿದರೆ ಅದು ಎಂಜಲು, ಅಲ್ಲಿಗೆ ಮುಗಿಯಿತು. ಸಾರಿಗೆ ಉಪ್ಪು ಸಾಲದು ಎಂಬುದು ಅಮ್ಮನಿಗೆ ಕುದಿಯ ವಾಸನೆಯಲ್ಲೇ ಗೊತ್ತಾಗುತ್ತಿತ್ತು. ಇದನ್ನು ಈಗ ಯಾರಿಗಾದರೂ ಹೇಳಿದರೆ ಹಳೆಯ ಕಾಲದವರ ಬಡಾಯಿ ಎಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ನಾನು ಕಣ್ಣಾರೆ ಕಂಡಿದ್ದೇನೆ. ಒಲೆಯ ಮುಂದೆ ಕೂತು ಪಾತ್ರೆಯ ಮೇಲೆ ಒಮ್ಮೆ ಕೈಯಾಡಿಸಿ, ಆ ಹಬೆಯನ್ನು ಮೂಗಿನತ್ತ ತಂದುಕೊಂಡು, ಇನ್ನೆರಡು ಹರಳು ಉಪ್ಪು ಹಾಕಿ ಮುಚ್ಚಿಬಿಡುತ್ತಿದ್ದಳು. ಊಟಕ್ಕೆ ಕೂತ ಅಪ್ಪ ಒಂದು ದಿನವೂ ಉಪ್ಪು ಕೇಳಿದ್ದಿಲ್ಲ. ಅಂಥವಳು ತಾನು ಹುಟ್ಟಿದಾರಭ್ಯ ಕಾಣದ, ತಿನ್ನದ, ತಿನ್ನುವ ಆಸೆಯೂ ಇಲ್ಲದ ಒಂದು ಪದಾರ್ಥವನ್ನು ವರ್ಷಗಟ್ಟಲೆ ಮಾಡಿದಳು. ಅದು ಅಣಬೆ ಸೂಪು.

ಆಗ ನಾವು ಕೊಚ್ಚಿಯಲ್ಲಿದ್ದೆವು. ಅಪ್ಪನಿಗೆ ಬಂದರಿನ ಕಚೇರಿಯಲ್ಲಿ ಕೇಂದ್ರ ಸರ್ಕಾರದ ಕೆಲಸ. ದಿನವೂ ಎರ್ನಾಕುಳಂನ ಜೆಟ್ಟಿಯಲ್ಲಿ ಬೋಟು ಹತ್ತಿ ವಿಲ್ಲಿಂಗ್ಡನ್ ಐಲ್ಯಾಂಡಿಗೆ ಹೋಗಿ ಸಂಜೆ ಅದೇ ಬೋಟಿನಲ್ಲಿ ಬರುತ್ತಿದ್ದರು. ಮೈಸೂರಿನಿಂದ ವರ್ಗವಾಗಿ ಬರುವಾಗ ಜೊತೆಗೆ ಬಂದದ್ದು ಅಪ್ಪನ ಬೆತ್ತದ ಕುರ್ಚಿ, ಅಜ್ಜಿಯ ದೇವರ ಪೆಟ್ಟಿಗೆ, ಅಮ್ಮನ ಒರಳುಕಲ್ಲು. ತೇವರದಲ್ಲಿ ಹಿಡಿದ ಬಾಡಿಗೆ ಮನೆಗೆ ಮುಂದೆ ಒಂದು ಉದ್ದ ಜಗಲಿ, ನಡುವೆ ಎರಡು ಕೋಣೆ, ಹಿಂದೆ ಅಡುಗೆಮನೆ. ಅದರಾಚೆ ಹೆಂಚಿನ ಇಳಿಜಾರಿನಡಿ ಬಟ್ಟೆ ಒಗೆಯುವ ಜಾಗ. ಅಡುಗೆಮನೆ ಅಜ್ಜಿಯ ಸೀಮೆ. ಅಜ್ಜಿ ಅಪ್ಪನ ತಾಯಿ. ಅವರು ಮಡಿಯುಟ್ಟು ಒಳಗೆ ಹೋದರೆಂದರೆ ಮಡಿಯಿಲ್ಲದವರೆಲ್ಲ ಹೊಸಿಲ ಹೊರಗೆ. ಈರುಳ್ಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಹಾಗಾಗಿ ಈರುಳ್ಳಿ ಹುಳಿಯ ಆಸೆಯಾದಾಗ ಅಮ್ಮ ಬಟ್ಟೆ ಒಗೆಯುವ ಜಾಗದಲ್ಲಿ ಸೀಮೆಎಣ್ಣೆ ಸ್ಟವ್ ಹಚ್ಚುತ್ತಿದ್ದಳು. ಅಜ್ಜಿಗೆ ಅದು ಗೊತ್ತಿತ್ತು. ಗೊತ್ತಿಲ್ಲವೆಂಬಂತೆ ಇರುವುದು ಇಬ್ಬರಿಗೂ ಅಭ್ಯಾಸವಾಗಿತ್ತು. ಅತ್ತೆ ಸೊಸೆ ಹಾಗೆ ಜಗಳವಾಡಿದವರಲ್ಲ. ಮುಖ್ಯವಾದದ್ದೇನಾದರೂ ಹೇಳುವುದಿದ್ದರೆ ಮಾತ್ರ ನನ್ನನ್ನು ನಡುವೆ ನಿಲ್ಲಿಸಿಕೊಂಡು ಹೇಳುತ್ತಿದ್ದರು.

ಇಂಥ ಮನೆಯಲ್ಲಿ ಅಪ್ಪ ಒಂದು ಗುಟ್ಟು ಇಟ್ಟುಕೊಂಡಿದ್ದರು. ಮಳೆಗಾಲದ ಒಂದು ದಿನ ಹೊರಗಡಲಲ್ಲಿ ಲಂಗರು ಹಾಕಿದ್ದ ಹಡಗಿಗೆ ಕೆಲಸದ ಮೇಲೆ ಹೋಗಿದ್ದಾಗ ಗಾಳಿ ಎದ್ದು, ಅವರನ್ನು ವಾಪಸು ತರುವ ದೋಣಿ ಹೊರಡದೆ, ಮರುದಿನದವರೆಗೆ ಅಲ್ಲೇ ಉಳಿಯಬೇಕಾಯಿತಂತೆ. ಮಾಂಸ, ಮೀನು, ಮೊಟ್ಟೆ ಯಾವುದೂ ತಿನ್ನುವುದಿಲ್ಲ ಎಂದು ಇವರು ಹೇಳಿದ್ದಕ್ಕೆ ಅಡುಗೆಯವನು ಯೋಚಿಸಿ ಯೋಚಿಸಿ ಒಂದು ಪಿಂಗಾಣಿ ಬಟ್ಟಲಲ್ಲಿ ಬೆಳ್ಳಗೆ, ಮಂದಗೆ ಇದ್ದ ಏನನ್ನೋ ಬಿಸಿಬಿಸಿಯಾಗಿ ತಂದಿಟ್ಟನಂತೆ. ಚಳಿಗೆ ನಡುಗುತ್ತಿದ್ದ ಅಪ್ಪ ಅದನ್ನು ಕುಡಿದು, ಇನ್ನೊಂದು ಬಟ್ಟಲು ಹಾಕಿಸಿಕೊಂಡು, ಆಮೇಲೆ ಏನದು ಎಂದು ಕೇಳಿದರು. ಅಣಬೆ, ಹಾಲು, ಬೆಣ್ಣೆ, ಕೆನೆ ಎಂದನಂತೆ ಅವನು. ಅಪ್ಪ ಮನೆಗೆ ಬಂದು ಸ್ನಾನ ಮಾಡಿ ಸಂಧ್ಯಾವಂದನೆ ಮುಗಿಸಿ, ಬಾಯಿಗೆ ಬೀಗ ಹಾಕಿಕೊಂಡು ಕೂತರು. ಅಜ್ಜಿಯ ಪಾಲಿಗೆ ಅಣಬೆ ಎಂದರೆ ನಾಯಿಕೊಡೆ. ಬೀಜವಿಲ್ಲದೆ ಕೊಳೆಯಲ್ಲಿ ಹುಟ್ಟುವಂಥದ್ದು, ಹೆಸರೆತ್ತಿದರೂ ಬಾಯಿ ಮುಕ್ಕಳಿಸಬೇಕಾದದ್ದು.

ಆ ಗುಟ್ಟು ಹೊರಗೆ ಬಂದದ್ದು ಅಪ್ಪನಿಗೆ ಎದೆನೋವು ಬಂದು, ಆಸ್ಪತ್ರೆಯಲ್ಲಿದ್ದು, ಮನೆಗೆ ಮರಳಿದ ಮೇಲೆ. ಬೆಣ್ಣೆ, ತುಪ್ಪ, ಕೆನೆ, ತೆಂಗಿನಕಾಯಿ ಎಲ್ಲಕ್ಕೂ ಡಾಕ್ಟರು ಕತ್ತರಿ ಹಾಕಿದ್ದರು. ಉಪ್ಪು ಇಷ್ಟೇ ಇಷ್ಟು. ಸಾರಿಗೆ ತುಪ್ಪವಿಲ್ಲದೆ ತುತ್ತೆತ್ತದ ಮನುಷ್ಯನಿಗೆ ಸಪ್ಪೆ ಗಂಜಿ. ಮೊದಮೊದಲು ಅಪ್ಪ ಮುಖ ಕಿವುಚಿಕೊಂಡು ಕುಡಿದರು. ಆಮೇಲೆ ಅರ್ಧಕ್ಕೆ ಬಿಡತೊಡಗಿದರು. ಆಮೇಲೆ ಲೋಟ ನೋಡಿದರೇ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಕೋಪವಲ್ಲ, ಹಟವೂ ಅಲ್ಲ. ತಿನ್ನುವುದೇ ಬೇಡವಾಗಿತ್ತು ಅವರಿಗೆ. ಅಂಗಿ ಹೆಗಲಿನಿಂದ ಜಾರುವಷ್ಟು ಸೊರಗಿದರು. ಔಷಧಿಯಿಂದ ಆಗುವುದು ಅರ್ಧ ಮಾತ್ರ, ಇವರು ಹೀಗೆ ಊಟ ಬಿಟ್ಟರೆ ನಾನು ಕೈ ಚೆಲ್ಲಬೇಕಾಗುತ್ತದೆ ಎಂದು ಡಾಕ್ಟರು ಜಗಲಿಯಲ್ಲಿ ಅಮ್ಮನಿಗೆ ಹೇಳಿದಾಗ ನಾನು ಕಂಬದ ಹಿಂದೆ ಇದ್ದೆ. ಅಮ್ಮನ ಮುಖ ನೋಡಿ ನನಗೆ ಅಪ್ಪ ಸತ್ತೇಹೋಗುತ್ತಾರೆ ಅನ್ನಿಸಿತು. ಆ ಭಯ ಎಂಥದೆಂದು ಈಗಲೂ ನನಗೆ ನೆನಪಿದೆ.

ಅವತ್ತು ಮಧ್ಯಾಹ್ನ ಅಮ್ಮ ಗಂಜಿಯ ಲೋಟ ಹಿಡಿದು ಅಪ್ಪನ ಮಂಚದ ಪಕ್ಕ ಕೂತವಳು ಎದ್ದೇಳಲಿಲ್ಲ. ಅಜ್ಜಿ ಬಾಗಿಲಲ್ಲಿ ನಿಂತಿದ್ದರು.

“ಏನು ಬೇಕು ಅಂತಾದ್ರೂ ಹೇಳಿ. ಏನಾದ್ರೂ ಸರಿ, ಮಾಡ್ಕೊಡ್ತೀನಿ.”

“ಹೇಳಿದ್ರೆ ನೀನು ಮಾಡೋದಿಲ್ಲ ಬಿಡು.”

“ಹೇಳಿ ನೋಡಿ.”

ಅಪ್ಪ ಗೋಡೆಯ ಕಡೆ ನೋಡಿಕೊಂಡೇ ಹಡಗಿನ ಕತೆಯನ್ನೆಲ್ಲ ಹೇಳಿದರು. ಅಣಬೆ ಎಂಬ ಮಾತು ಬಂದಾಗ ನಾನು ಅಜ್ಜಿಯ ಕಡೆ ನೋಡಿದೆ. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಮರುದಿನ ಬೆಳಿಗ್ಗೆ ತುಳಸಿಗೆ ನೀರು ಹಾಕಿ ಬಂದ ಅಜ್ಜಿ ನನ್ನನ್ನು ಕರೆದು ನಿಲ್ಲಿಸಿಕೊಂಡರು. ಅಮ್ಮ ಎರಡು ಮಾರು ದೂರದಲ್ಲೇ ಇದ್ದಳು.

“ನಿಮ್ಮಮ್ಮಂಗೆ ಹೇಳು. ಒಳಗೆ ಬೇಡ. ಹೊರಗಡೆ ಮಾಡ್ಕೊಳ್ಲಿ. ನಾನು ಆ ಕಡೆ ತಿರುಗಿ ಕೂತಿರ್ತೀನಿ. ಅವನು ಉಣ್ಲಿ.”

ಇಷ್ಟು ಹೇಳಿ ಅಜ್ಜಿ ಅತ್ತುಬಿಟ್ಟರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಡಾಕ್ಟರನ್ನು ಕೇಳಿದರೆ ಅವರು ನಕ್ಕು, ಅಣಬೆ ಧಾರಾಳವಾಗಿ ತಿನ್ನಲಿ, ಆದರೆ ಆ ಸೂಪಿನಲ್ಲಿರುವ ಬೆಣ್ಣೆ, ಕೆನೆ ಮಾತ್ರ ಸುತರಾಂ ಕೂಡದು ಎಂದರು. ಬೆಣ್ಣೆ ತೆಗೆದರೆ, ಕೆನೆ ತೆಗೆದರೆ, ಉಳಿಯುವುದು ನಾಯಿಕೊಡೆ ಮತ್ತು ಬಿಸಿನೀರು, ಅದನ್ನು ಯಾವ ಬಾಯಲ್ಲಿ ಕೊಡಲಿ ಎಂದು ಅಮ್ಮ ದಾರಿಯುದ್ದಕ್ಕೂ ಗೊಣಗಿದಳು. ಆದರೂ ಅಣಬೆ ಹುಡುಕಿಸಿದಳು. ಪಕ್ಕದ ಮನೆಯ ಕಾರ್ತ್ಯಾಯನಿ ಚೇಚಿಯ, ಅಂದರೆ ಅಕ್ಕನ, ತವರು ಎಡಪ್ಪಳ್ಳಿಯಲ್ಲಿ. ಈಗ ಅಲ್ಲಿ ದೊಡ್ಡ ಮಾಲ್ ಎದ್ದು ಕಾಲಿಡಲು ಜಾಗವಿಲ್ಲ. ಆಗ ಅವರ ಮನೆಯ ಸುತ್ತ ತೆಂಗು, ಹಲಸು, ಹುತ್ತಗಳು. ತುಲಾ ಮಾಸದ, ಅಂದರೆ ದೀಪಾವಳಿಯ ಹೊತ್ತಿನ, ಗುಡುಗು ಬಿದ್ದ ಮರುದಿನ ಚೇಚಿ ಕೆಸುವಿನ ಎಲೆಯಲ್ಲಿ ಸುತ್ತಿದ ಒಂದು ಪೊಟ್ಟಣ ತಂದರು. ಇಡಿ ವೆಟ್ಟಿ, ಕೂಣ್ ಮುಳಚ್ಚು ಎಂದು ಗುಡುಗಿಗೆ ಅಣಬೆ ಎದ್ದ ಸುದ್ದಿಯನ್ನು ಹಬ್ಬದ ಸುದ್ದಿಯಂತೆ ಹೇಳಿದರು. ಪ್ರತಿ ವರ್ಷ ಏಳುವ, ಮನೆಯವರೆಲ್ಲ ತಿಂದು ಬಲ್ಲ ಜಾಗ ಬಿಟ್ಟು ಬೇರೆ ಕಡೆಯದನ್ನು ಚೇಚಿ ಮುಟ್ಟುತ್ತಿರಲಿಲ್ಲ. ಅರಿಸಿನದ ನೀರಿನಲ್ಲಿ ನೆನೆಸಿ ತೊಳೆಯಬೇಕೆಂದು ತೋರಿಸಿಕೊಟ್ಟು ಹೋದರು. ಅಮ್ಮ ಮೂಗಿಗೆ ಸೆರಗು ಕಟ್ಟಿಕೊಂಡು, ಬೆರಳ ತುದಿಯಲ್ಲಿ, ಸತ್ತ ಹಲ್ಲಿಯನ್ನು ಎತ್ತಿದ ಹಾಗೆ ಒಂದೊಂದನ್ನೇ ಎತ್ತಿ ತೊಳೆದಳು.

ಆ ಮೊದಲ ಸೂಪಿನ ಕತೆ ಹೇಳಲೇಬೇಕು. ಬೆಣ್ಣೆಯಿಲ್ಲ, ಕೆನೆಯಿಲ್ಲ. ಅಮ್ಮ ಅಣಬೆಯನ್ನು ಬೇಯಿಸಿ, ಹಾಲು ಸುರಿದು, ಮೆಣಸಿನಪುಡಿ ಉದುರಿಸಿದಳು. ಇಳಿಸುವ ಹೊತ್ತಿಗೆ ಅವಳ ಕೈ ತಾನೇ ತಾನಾಗಿ ಒಗ್ಗರಣೆ ಸೌಟಿನ ಕಡೆ ಹೋಯಿತು. ತೊಟ್ಟು ಎಣ್ಣೆ, ಸಾಸಿವೆ, ಜೀರಿಗೆ, ಇಂಗು, ಕರಿಬೇವು. ಚೊಂಯ್ ಎಂದಿತು. ಒಗ್ಗರಣೆ ಬೀಳದೆ ಒಲೆಯಿಂದ ಇಳಿದ ಪಾತ್ರೆಯನ್ನು ಅವಳು ಕಂಡಿದ್ದರೆ ತಾನೆ? ಅರಿಸಿನದ ನೀರಿನಿಂದ ಹಳದಿಯಾಗಿ, ಮೇಲೆ ಸಾಸಿವೆ ತೇಲುತ್ತಿದ್ದ ಆ ಪದಾರ್ಥವನ್ನು ಬಟ್ಟಲಿಗೆ ಹಾಕಿ ಅಪ್ಪನ ಮುಂದಿಟ್ಟಳು. ಹಡಗಿನ ಬೆಳ್ಳನೆಯ ಬಟ್ಟಲನ್ನು ಕನಸು ಕಾಣುತ್ತಿದ್ದ ಅಪ್ಪ ಬಗ್ಗಿ ನೋಡಿದರು. ಮತ್ತೊಮ್ಮೆ ನೋಡಿದರು. ಹೆಗಲು ಅಲುಗಿತು. ನಾನು ಹೆದರಿ ಅಮ್ಮನ ಸೆರಗು ಹಿಡಿದುಕೊಂಡೆ. ನೋಡಿದರೆ ಅಪ್ಪ ನಗುತ್ತಿದ್ದಾರೆ. ಆಸ್ಪತ್ರೆಯಿಂದ ಬಂದ ಮೇಲೆ ಅವರು ನಕ್ಕದ್ದೇ ಇರಲಿಲ್ಲ. ಬೇಳೆ ಇಲ್ಲದ ಸಾರು ಮಾಡಿದ ಮಹಾತಾಯಿ ಎಂದು ಅಮ್ಮನಿಗೆ ಕೈ ಮುಗಿದು, ನಗುತ್ತಲೇ ಅರ್ಧ ಬಟ್ಟಲು ಕುಡಿದರು. ಅಮ್ಮ ಮುಖ ಊದಿಸಿಕೊಂಡು ಒಳಗೆ ಹೋದಳು. ಆದರೆ ಹೋಗುವಾಗ ಬಟ್ಟಲಲ್ಲಿ ಎಷ್ಟು ಖಾಲಿಯಾಗಿದೆ ಎಂದು ನೋಡಿಕೊಂಡೇ ಹೋದಳು.

ಅಲ್ಲಿಂದ ನಮ್ಮ ಮನೆಯ ದೊಡ್ಡ ಕಸುಬು ಶುರುವಾಯಿತು. ಆ ರುಚಿ ಹೇಗಿತ್ತೆಂದು ಬಲ್ಲವರು ಅಪ್ಪ ಒಬ್ಬರೇ, ಅವರಿಗೆ ಅನ್ನ ಬೇಯಿಸಲೂ ಬಾರದು. ಮಾಡಬಲ್ಲವಳು ಅಮ್ಮ, ಅವಳು ಅದನ್ನು ನಾಲಿಗೆಗೆ ಮುಟ್ಟಿಸುವುದಿಲ್ಲ. ನೈವೇದ್ಯದ ಪ್ರಶ್ನೆಯೇ ಇಲ್ಲದ ಅಡುಗೆ, ಆದರೂ ಅಣಬೆ ಅಣಬೆಯೇ. ಹಬೆಯ ವಾಸನೆಯಿಂದ ತಿಳಿಯೋಣವೆಂದರೆ ಆ ವಾಸನೆ ಅವಳ ಮೂಗಿಗೆ ಹೊಸದು, ಅದು ಸರಿಯೋ ತಪ್ಪೋ ಎಂದು ಹೇಳಲು ಹಿಂದಿನ ನೆನಪೇನೂ ಇಲ್ಲ. ಹಾಗಾಗಿ ರುಚಿ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಮಕ್ಕಳಿಗೆ ಮಡಿ ಮೈಲಿಗೆಯಿಲ್ಲ ಎಂದು ಅಜ್ಜಿಯೇ ತೀರ್ಪು ಕೊಟ್ಟರು. ಬಾಯಿ ಮುಕ್ಕಳಿಸಿ, ಕಾಲು ತೊಳೆದು ಒಳಗೆ ಬರಬೇಕು, ಅಷ್ಟೇ. ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಚಮಚದಲ್ಲಿ ಸೂಪು ನೆಕ್ಕಿ ಅಮ್ಮನಿಗೆ ವರದಿ ಒಪ್ಪಿಸಬೇಕಿತ್ತು. ಶಾಲೆಯಲ್ಲಿ ಮಲಯಾಳಂ, ಬೀದಿಯಲ್ಲಿ ಮಲಯಾಳಂ, ಅಮ್ಮ ಕನ್ನಡದಲ್ಲಿ ಕರೆದರೆ ನಾನು ಏನು ಎನ್ನುವ ಬದಲು ಎಂದಾ ಎಂದು ಓಗೊಡುತ್ತಿದ್ದ ಕಾಲ ಅದು. ಚೆನ್ನಾಗಿದೆ ಎಂದರೆ ಅಮ್ಮ ಬಿಡುತ್ತಿರಲಿಲ್ಲ. ಚೆನ್ನಾಗಿದೆ ಅನ್ನೋದನ್ನ ಒಲೆ ಮೇಲೆ ಇಟ್ಟು ಏನು ಮಾಡ್ಲಿ ಎಂದು ಗದರುತ್ತಿದ್ದಳು. ಒಗರೋ, ಕಮಟೋ, ಹಸಿ ಹಸಿಯೋ? ನಾಲಿಗೆಯ ಮೇಲೆ ಜಾರುತ್ತದೋ, ಅಂಟುತ್ತದೋ? ಖಾರ ಮೊದಲು ಬರುತ್ತದೋ, ನುಂಗಿದ ಮೇಲೋ? ನಾನು ಕಣ್ಣು ಮುಚ್ಚಿ, ಮಾತು ಹುಡುಕಿ, ಸಿಗದಿದ್ದರೆ ಅವಳಿಂದಲೇ ಕೇಳಿ ಪಡೆದು ಹೇಳುತ್ತಿದ್ದೆ. ನನ್ನ ಕನ್ನಡ ಬಂದದ್ದು ಪುಸ್ತಕದಿಂದಲ್ಲ, ಆ ಕಲ್ಲಿನ ಮೇಲೆ ಕೂತು. ಅಲ್ಲದೆ ನಾನು ಸರಿಯಾಗಿ ಹೇಳಿದರೆ ಅಪ್ಪ ಉಣ್ಣುತ್ತಾರೆ, ತಪ್ಪು ಹೇಳಿದರೆ ಗೋಡೆ ಕಡೆ ತಿರುಗುತ್ತಾರೆ. ಮಾತಿಗೆ ಅಷ್ಟು ಬೆಲೆಯಿರುವ ಕೆಲಸ ನನಗೆ ಆಮೇಲೆ ಸಿಗಲಿಲ್ಲ.

ಸೂಪು ನೀರು ನೀರಾಗಿದೆ, ಬಾಯಲ್ಲಿ ನಿಲ್ಲುವುದೇ ಇಲ್ಲ ಎಂದು ನಾನು ದಿನಾ ದೂರುತ್ತಿದ್ದೆ. ಮೈದಾ ಹಾಕಿ ನೋಡಿದಳು, ಗೋಡೆಗೆ ಹಚ್ಚುವ ಅಂಟಿನ ವಾಸನೆ ಬಂತು. ಕೆನೆಯಿಲ್ಲದೆ ಕೆನೆಯಂತೆ ಮಾಡುವುದು ಹೇಗೆ ಎಂದು ಅಮ್ಮ ಸೋತು ಕೂತಿದ್ದಾಗ, ಒಳಗೆ ನಮಗೆ ಬೆನ್ನು ಹಾಕಿ ಜಪಮಾಲೆ ಹಿಡಿದು ಕೂತಿದ್ದ ಅಜ್ಜಿಯ ದನಿ ಬಂತು.

“ಅಕ್ಕೀನ ಮೆತ್ತಗೆ ಬೇಯಿಸಿ, ಒರಳಲ್ಲಿ ನುಣ್ಣಗೆ ರುಬ್ಬಿ, ಬಟ್ಟೇಲಿ ಸೋಸಿ ಹಾಕು ಅನ್ನು ಅವಳಿಗೆ. ಉಪ್ಪು ಕೊನೇಲಿ. ಮೊದ್ಲೇ ಹಾಕಿದ್ರೆ ಹಾಲು ಒಡೆಯುತ್ತೆ.”

ಹೇಳಿ ಮುಗಿಸಿ ಜಪ ಮುಂದುವರಿಸಿದರು. ಮೊಮ್ಮಗಳಿಗೆ ಹೇಳಿದ್ದು, ಸೊಸೆಗೆ ಕೇಳಿಸಿದ್ದು. ಅಮ್ಮ ಹಾಗೇ ಮಾಡಿದಳು. ಹಾಲನ್ನು ಕಾಯಿಸಿ ಆರಿಸಿ ಕೆನೆ ತೆಗೆದು, ಮತ್ತೆ ಕಾಯಿಸಿ ಮತ್ತೆ ತೆಗೆದು, ತೆಳ್ಳಗೆ ಮಾಡಿದಳು. ಅಣಬೆಯನ್ನು ಅರಿಸಿನದ ನೀರಿನಿಂದ ತೆಗೆದ ಮೇಲೆ ಒಳ್ಳೆಯ ನೀರಿನಲ್ಲಿ ಬಿಳಿಯಾಗುವತನಕ ತೊಳೆದಳು. ಚೂರು ಸಣ್ಣ ಈರುಳ್ಳಿಯ ಜೊತೆ ಅಣಬೆಯನ್ನು ಎಣ್ಣೆ ಬೆಣ್ಣೆ ಯಾವುದೂ ಇಲ್ಲದೆ ಸಣ್ಣ ಉರಿಯಲ್ಲಿ ಮುಚ್ಚಿಟ್ಟರೆ ಅದು ತನ್ನ ನೀರನ್ನು ತಾನೇ ಬಿಟ್ಟುಕೊಂಡು ಅದರಲ್ಲೇ ಬೇಯುತ್ತದೆ ಎಂಬುದನ್ನು ಅವಳೇ ಕಂಡುಹಿಡಿದಳು. ಅರ್ಧ ಅಣಬೆಯನ್ನು ಅನ್ನದ ಜೊತೆ ರುಬ್ಬಿ, ಅರ್ಧವನ್ನು ಹೋಳಾಗಿಯೇ ಬಿಟ್ಟು, ಹಾಲು ಬೆರೆಸಿ, ಒಂದು ಕುದಿ ಬರುವ ಮೊದಲೇ ಇಳಿಸಿ, ಕಾಳುಮೆಣಸು ಕುಟ್ಟಿ ಹಾಕಿದಳು. ನಾನು ಬಾಯಿಗಿಟ್ಟುಕೊಂಡೆ. ಅದು ಜಾರಲಿಲ್ಲ, ಅಂಟಲಿಲ್ಲ. ಮಳೆ ಬಿದ್ದ ನೆಲದ ವಾಸನೆ ಮೊದಲು ಬಂತು, ಆಮೇಲೆ ಹಾಲಿನ ಸಿಹಿ, ನುಂಗಿದ ಮೇಲೆ ಮೆಣಸು. ಅಮ್ಮನಿಗೆ ಹಾಗೆಯೇ ಹೇಳಿದೆ. ಅವಳ ಕೈ ಒಗ್ಗರಣೆ ಸೌಟಿನತ್ತ ಹೋಯಿತು. ನಾನು ಹಿಡಿದುಕೊಂಡೆ. ಅಪ್ಪ ಬಟ್ಟಲನ್ನು ಪೂರ್ತಿ ಖಾಲಿ ಮಾಡಿ, ಚಮಚದಲ್ಲಿ ತಳ ಕೆರೆದರು. ಆ ಸದ್ದು ಕೇಳಿ ಅಜ್ಜಿ ಜಪಮಾಲೆಯನ್ನು ಕಣ್ಣಿಗೊತ್ತಿಕೊಂಡರು.

ಅಪ್ಪ ಚೇತರಿಸಿಕೊಂಡದ್ದು ಸೂಪಿನಿಂದ ಎಂದು ನಾನು ಹೇಳುವುದಿಲ್ಲ, ಔಷಧಿಯೂ ಇತ್ತು. ಆದರೆ ನಾಲಿಗೆಗೆ ಒಂದು ಆಸೆ ಹುಟ್ಟಿದ್ದೇ ತಡ, ಅದರ ಹಿಂದೆಯೇ ಗಂಜಿ, ಸೊಪ್ಪಿನ ಪಲ್ಯ, ತುಪ್ಪವಿಲ್ಲದ ಸಾರು ಎಲ್ಲವೂ ಒಳಗೆ ಹೋಗತೊಡಗಿದವು. ಅಂಗಿಯೊಳಗೆ ಮೈ ತುಂಬಿತು. ಒಂದು ದಿನ ಅವರು ಕೊಡೆ ಹಿಡಿದು ಜೆಟ್ಟಿಯ ಕಡೆ ನಡೆದು ಹೋದಾಗ ಅಮ್ಮ ಬಾಗಿಲಲ್ಲಿ, ಅಜ್ಜಿ ಕಿಟಕಿಯಲ್ಲಿ ನಿಂತು ಅವರ ಬೆನ್ನು ಮರೆಯಾಗುವತನಕ ನೋಡಿದರು. ಅಣಬೆ ಸಿಗುವ ದಿನಗಳು ಕಡಿಮೆ. ಹಾಗಾಗಿ ಚೇಚಿ ಹೇಳಿಕೊಟ್ಟಂತೆ ಅಮ್ಮ ಮಿಕ್ಕಿದ್ದನ್ನು ದಾರಕ್ಕೆ ಪೋಣಿಸಿ ಬಿಸಿಲಿಗೆ ಕಟ್ಟುತ್ತಿದ್ದಳು. ಹೆಂಚಿನ ಇಳಿಜಾರಿನ ಅಂಚಿಗೆ ತೂಗುತ್ತಿದ್ದ ಆ ಮಾಲೆಗಳನ್ನು ಅಜ್ಜಿ ಕಣ್ಣೆತ್ತಿ ನೋಡುತ್ತಿರಲಿಲ್ಲ. ಮಳೆ ಹನಿ ಬಿದ್ದರೆ ಮಾತ್ರ, ನೆನೆಯುತ್ತಿದೆ ಒಳಗೆ ತೆಗೆಯಿರಿ ಎಂದು ಮೊದಲು ಕೂಗುತ್ತಿದ್ದವರು ಅವರೇ.

ಒಗ್ಗರಣೆಯ ಜಗಳ ಮಾತ್ರ ನಿಲ್ಲಲಿಲ್ಲ. ಅದು ಅಪ್ಪ ಅಮ್ಮನ ಖಾಸಾ ಜಗಳ. ಸೂಪು ಇಳಿಸಿದಾಗಲೆಲ್ಲ ಅಮ್ಮ ಸಾಸಿವೆ ಡಬ್ಬಿ ಹಿಡಿದು ಬಂದು ಕೇಳುವುದು, ಅಪ್ಪ ಕೈಯಲ್ಲಿ ಬಟ್ಟಲು ಮುಚ್ಚಿಕೊಳ್ಳುವುದು. ಒಂದು ಸಲ ಅಮ್ಮನಿಗೆ ರೇಗಿಹೋಯಿತು.

“ಒಗ್ಗರಣೆ ಇಲ್ಲದ್ದನ್ನ ಅಡುಗೆ ಅಂತಾರೇನ್ರೀ? ರೋಗಿಗೆ ಕೊಡೋ ಗಂಜಿ ಅದು. ಚಿಟಿಕೆ ಜೀರಿಗೆ, ಸಾಸಿವೆ ಬಿದ್ರೆ ಅದರ ಕಥೆಯೇ ಬೇರೆ.”

“ನೀನು ಬಾಯಿಗೇ ಇಟ್ಟಿಲ್ಲ, ನಿಂಗೆ ಹೇಗೆ ಗೊತ್ತು? ಒಂದ್ಸಲ ರುಚಿ ನೋಡಿ ಆಮೇಲೆ ಮಾತಾಡು.”

ಅಮ್ಮನ ಬಾಯಿ ಕಟ್ಟಿಹೋಗುತ್ತಿದ್ದದ್ದು ಅಲ್ಲೇ. ಅಪ್ಪನಿಗೂ ಅದು ಗೊತ್ತಿತ್ತು. ಸೋಲುವ ಹೊತ್ತಿಗೆ ಸರಿಯಾಗಿ ಅದೇ ಮಾತನ್ನು ಬಿಡುತ್ತಿದ್ದರು, ನನ್ನ ಕಡೆ ಕಣ್ಣು ಮಿಟುಕಿಸುತ್ತಿದ್ದರು. ಅಮ್ಮ ಡಬ್ಬಿಯ ಮುಚ್ಚಳ ಒತ್ತಿ, ನಾಲಿಗೆ ಕೆಟ್ಟವರಿಗೆ ಏನು ಹೇಳಿದರೂ ಅಷ್ಟೇ ಎಂದುಕೊಂಡು ಹೋಗುತ್ತಿದ್ದಳು.

ಆಮೇಲೆ ತಿರುವನಂತಪುರಕ್ಕೆ ವರ್ಗವಾಯಿತು. ಬೆತ್ತದ ಕುರ್ಚಿ, ದೇವರ ಪೆಟ್ಟಿಗೆ, ಒರಳುಕಲ್ಲು ಮತ್ತೆ ಲಾರಿ ಹತ್ತಿದವು. ಅಲ್ಲಿ ಪಟ್ಟಂನಲ್ಲಿ ಮನೆ. ಬಂದ ಎರಡನೆಯ ಬೇಸಿಗೆಯಲ್ಲಿ ಅಜ್ಜಿ ಹೋದರು. ಅಡುಗೆಮನೆ ಈಗ ಅಮ್ಮನದು. ಸೀಮೆಎಣ್ಣೆ ಸ್ಟವ್ ಒಳಗೆ ತಂದಿಟ್ಟುಕೋ, ಇನ್ನು ಯಾರಿದ್ದಾರೆ ಕೇಳುವವರು ಎಂದು ಅಪ್ಪ ಹೇಳಿದರೆ ಅಮ್ಮ ಒಪ್ಪಲಿಲ್ಲ. ಅಣಬೆಯ ಸ್ಟವ್ ಹಿತ್ತಿಲ ಜಗಲಿಯಲ್ಲೇ ಉರಿಯಿತು. ಅಣಬೆ ತಂದುಕೊಡುವವರು ಪಕ್ಕದ ಮನೆಯ ಮಾಧವಿಯಮ್ಮ. ಕಳಕ್ಕೂಟಂ ಕಡೆ ಅವರಿಗೊಂದು ಗೇರುತೋಟವಿತ್ತು. ನಾನು ಕಾಲೇಜಿಗೆ ಹೋಗುವವಳಾಗಿದ್ದರೂ ನನ್ನ ಹಳೆಯ ಕೆಲಸದಿಂದ ಬಿಡುಗಡೆಯಿರಲಿಲ್ಲ. ಬಸ್ಸು ತಪ್ಪಿಹೋದರೂ ಸರಿ, ಚಮಚ ನೆಕ್ಕಿ ವರದಿ ಕೊಟ್ಟು ಹೋಗಬೇಕು. ನನಗೆ ಬೇಸರವಾಗುತ್ತಿತ್ತು. ನೀನೇ ಒಂದು ಸಲ ನೋಡಬಾರದಾ ಎಂದರೆ ಅಮ್ಮ ಚಮಚವನ್ನು ಮತ್ತೆ ನನ್ನ ಮುಂದೆಯೇ ಹಿಡಿಯುತ್ತಿದ್ದಳು.

ಒಂದು ಬೆಳಿಗ್ಗೆ ಅಪ್ಪ ಪತ್ರಿಕೆ ಓದುತ್ತ ಬೆತ್ತದ ಕುರ್ಚಿಯಲ್ಲಿ ಕೂತಿದ್ದ ಹಾಗೇ ಹೋಗಿಬಿಟ್ಟರು. ದೇವರು ಬದುಕಿಸಿ ಕೊಟ್ಟ ವರ್ಷಗಳಿಗೇ ಕೃತಜ್ಞರಾಗಿರಬೇಕು ಎಂದು ಬಂದವರೆಲ್ಲ ಹೇಳಿದರು. ಅಮ್ಮ ಹೂಂಗುಟ್ಟಿದಳು. ನನಗೆ ಮಾತ್ರ ಹಾಗೆ ಹೇಳಿದವರ ಮೇಲೆಲ್ಲ ಸಿಟ್ಟು ಬಂತು. ಅಮ್ಮ ಅಳುವುದನ್ನು ಅತ್ತು ಮುಗಿಸಿದ ಮೇಲೆ ಮಂಕಾದಳು. ಎರಡು ತುತ್ತು ಅನ್ನಕ್ಕೆ ಮಜ್ಜಿಗೆ ಕಲಸಿ ನುಂಗಿ ಏಳುವಳು. ನಾನೊಬ್ಬಳೇ ತಾನೆ, ಏನು ಮಾಡುವುದು ಎಂದು ನನ್ನನ್ನು ಲೆಕ್ಕಕ್ಕೇ ಹಿಡಿಯದೆ ಹೇಳುವಳು. ಸಾಸಿವೆ ಸಿಡಿಯುವ ಸದ್ದೇ ಇಲ್ಲದ ಮನೆ. ಅವಳ ಕೊರಳ ಎಲುಬು ಕಾಣತೊಡಗಿದಾಗ ನನಗೆ ಆ ಹಳೆಯ ಭಯ ಮತ್ತೆ ಬಂತು. ಅಪ್ಪನನ್ನಾದರೆ ಏನು ಬೇಕು ಎಂದು ಕೇಳಲು ಅಮ್ಮ ಇದ್ದಳು. ಅಮ್ಮನನ್ನು ನಾನು ಕೇಳಿದರೆ, ನನಗೇನು ಬೇಕು, ಏನೂ ಬೇಡ ಎನ್ನುತ್ತಿದ್ದಳು. ಅವಳಿಗೆ ಏನು ಇಷ್ಟವೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಆ ವರ್ಷದ ತುಲಾ ಮಾಸದಲ್ಲಿ ಮಧ್ಯಾಹ್ನವೇ ಕತ್ತಲಾಗಿ ಗುಡುಗಿತು. ಮರುದಿನ ಮಾಧವಿಯಮ್ಮ ಬೇಲಿಯ ಬಳಿ ಬಂದು, ಪ್ರತಿ ವರ್ಷದಂತೆ ಕೆಸುವಿನ ಎಲೆಯ ಪೊಟ್ಟಣವನ್ನು ನೀಡಿದರು. ನೀಡಿದ ಮೇಲೆ ಅವರಿಗೆ ಅಪ್ಪ ಇಲ್ಲವೆಂಬುದು ನೆನಪಾಗಿ, ಅಯ್ಯೋ ಮೋಳೇ, ಅಯ್ಯೋ ಮಗಳೇ ಎಂದು ನನ್ನ ಕೈಯಿಂದ ಹಿಂದಕ್ಕೆ ತೆಗೆದುಕೊಳ್ಳಲು ಬಂದರು. ಅಷ್ಟರಲ್ಲಿ ಅಮ್ಮ ಹಿಂದಿನಿಂದ ಬಂದು ಪೊಟ್ಟಣ ಹಿಡಿದುಕೊಂಡಳು. ಇರಲಿ ಎಂದಳು. ಅರಿಸಿನದ ನೀರಿಗೆ ಹಾಕಿದಳು. ಅಕ್ಕಿ ಬೇಯಲಿಟ್ಟಳು, ಹಾಲಿನ ಕೆನೆ ತೆಗೆದಳು, ಒರಳಿನ ಮುಂದೆ ಕೂತಳು. ಯಾರಿಗಾಗಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಮುಗಿದ ಮೇಲೆ ನಾನು ಅಭ್ಯಾಸಬಲದಿಂದ ಚಮಚಕ್ಕೆ ಕೈಯೊಡ್ಡಿದೆ. ಅಮ್ಮ ಕೊಡಲಿಲ್ಲ. ಚಮಚವನ್ನು ಸೂಪಿನಲ್ಲಿ ಅದ್ದಿ, ಊದಿ, ಕಣ್ಣು ಮುಚ್ಚಿಕೊಂಡು ತನ್ನ ಬಾಯಿಗೆ ಇಟ್ಟುಕೊಂಡಳು. ನುಂಗಲು ಬಹಳ ಹೊತ್ತು ಹಿಡಿಯಿತು. ಇನ್ನೊಂದು ಚಮಚ ತೆಗೆದುಕೊಂಡಳು. ಆಮೇಲೆ ತಲೆಯೆತ್ತಿ, ಹಿತ್ತಿಲ ಬಾಗಿಲಿನಿಂದ ನೇರವಾಗಿ ಕಾಣುವ ನಡುಮನೆಯ ಬೆತ್ತದ ಕುರ್ಚಿಯ ಕಡೆ ನೋಡಿದಳು.

“ಈಗ ರುಚಿ ನೋಡಿ ಹೇಳ್ತಿದೀನಿ ಕಣ್ರೀ. ಇದಕ್ಕೆ ಒಗ್ಗರಣೆ ಬೇಕು.”

ಸ್ಟವ್ ಮೇಲೆ ಸೌಟು ಇಟ್ಟು, ತೊಟ್ಟು ಎಣ್ಣೆ ಬಿಟ್ಟಳು. ಎಷ್ಟೋ ದಿನಗಳ ಮೇಲೆ ನಮ್ಮ ಮನೆಯಲ್ಲಿ ಸಾಸಿವೆ ಸಿಡಿಯಿತು. ತನಗೊಂದು ಬಟ್ಟಲು, ನನಗೊಂದು ಬಟ್ಟಲು ತುಂಬಿಸಿಕೊಂಡು ಅಲ್ಲೇ ಜಗಲಿಯ ಮೆಟ್ಟಿಲ ಮೇಲೆ ಕೂತಳು. ನಾನು ಅಳುತ್ತ ಕುಡಿದೆ. ಅಮ್ಮ ಅಳಲಿಲ್ಲ. ಬಟ್ಟಲು ಖಾಲಿಯಾದ ಮೇಲೆ ಚಮಚದಲ್ಲಿ ತಳ ಕೆರೆದಳು, ಇನ್ನೂ ಸ್ವಲ್ಪ ಇದೆಯಾ ನೋಡೇ ಎಂದಳು.